ಸರಾಸರಿಯ ಹಿಂದೆ ಅಡಗಿರುವ ಮರಗಳು

ಕೊಯ್ಲು ಮುಗಿದು ಸಂಘದ ಕಚೇರಿಯ ಜಗಲಿಯಲ್ಲಿ ನಾಲ್ಕು ಮಂದಿ ಬೆಳೆಗಾರರು ಕೂಡಿದರೆ ಮೊದಲು ಏಳುವ ಮಾತು ಒಂದೇ: "ಈ ವರ್ಷ ನಿಮ್ಮಲ್ಲಿ ಫಸಲು ಹೇಗೆ?" ಉತ್ತರವೂ ಸಾಮಾನ್ಯವಾಗಿ ಒಂದೇ ಅಂಕಿಯಲ್ಲಿ ಬರುತ್ತದೆ. ಅಡಿಕೆಯವರು ಮರಕ್ಕೆ ಸರಾಸರಿ ಇಷ್ಟು ಕಿಲೋ ಎನ್ನುತ್ತಾರೆ, ಕಾಫಿಯವರು ಎಕರೆಗೆ ಇಷ್ಟು ಮೂಟೆ ಎನ್ನುತ್ತಾರೆ. ಆ ಒಂದು ಅಂಕಿಯನ್ನೇ ಕೈಯಲ್ಲಿ ಹಿಡಿದುಕೊಂಡು ನಾವು ಮುಂದಿನ ವರ್ಷದ ಗೊಬ್ಬರ ಕೊಳ್ಳುತ್ತೇವೆ, ಸಾಲದ ಅರ್ಜಿ ತುಂಬುತ್ತೇವೆ, ಕೆಲವೊಮ್ಮೆ ತೋಟದ ಒಂದು ಭಾಗವನ್ನು ಕಡಿದು ಹೊಸದಾಗಿ ನೆಡುವ ತೀರ್ಮಾನವನ್ನೂ ಮಾಡುತ್ತೇವೆ.

ಸರಾಸರಿ ಸುಳ್ಳು ಹೇಳುವುದಿಲ್ಲ, ನಿಜ. ಆದರೆ ಅದು ಎಲ್ಲವನ್ನೂ ಹೇಳುವುದೂ ಇಲ್ಲ. ಅದು ಮುಚ್ಚಿಟ್ಟ ಭಾಗದಲ್ಲಿಯೇ ಅನೇಕ ವೇಳೆ ನಮ್ಮ ನಷ್ಟದ ಮೂಲವಿರುತ್ತದೆ. ಒಂದು ಹಾಳೆ, ಒಂದು ಪೆನ್ಸಿಲು ಮತ್ತು ಒಂದು ಸಂಜೆಯ ಬಿಡುವಿದ್ದರೆ ಅಂಕಿಗಳನ್ನು ಹರಡಿ ನೋಡುವುದು ಯಾರಿಗೂ ಸಾಧ್ಯ. ಹೈಸ್ಕೂಲಿನ ಗಣಿತದಲ್ಲಿ ಇದರ ಬಹುಭಾಗವನ್ನು ನಮ್ಮ ಮಕ್ಕಳು ಕಲಿಯುತ್ತಾರೆ. ಅದನ್ನು ತೋಟಕ್ಕೆ ತರುವ ಬಗೆ ಹೇಗೆಂಬುದನ್ನು ಸದಸ್ಯರ ಮುಂದಿಡುವುದೇ ಈ ಲೇಖನದ ಉದ್ದೇಶ.

ಎರಡು ತೋಟ, ಒಂದೇ ಸರಾಸರಿ

ಪಾಠಕ್ಕಾಗಿ ಎರಡು ಅಡಿಕೆ ತೋಟಗಳನ್ನು ಕಲ್ಪಿಸಿಕೊಳ್ಳೋಣ. ಇವು ಯಾವ ಸದಸ್ಯರ ಲೆಕ್ಕವೂ ಅಲ್ಲ. ಅಂಕಿಗಳು ನಾವೇ ಇಟ್ಟುಕೊಂಡವು. ಒಂದೊಂದು ತೋಟದಲ್ಲಿಯೂ 20 ಮರಗಳಿಗೆ ಗುರುತು ಹಾಕಿ, ವರ್ಷದ ಎಲ್ಲ ಕೊಯ್ಲುಗಳ ಹಸಿ ಅಡಿಕೆಯನ್ನು ಮರವಾರು ತೂಗಿ ಬರೆದಿದ್ದಾರೆ. ಎರಡು ತೋಟಗಳಲ್ಲಿಯೂ 20 ಮರಗಳ ಒಟ್ಟು ತೂಕ 200 ಕಿಲೋ. ಆದುದರಿಂದ ಸರಾಸರಿ ಎರಡರಲ್ಲಿಯೂ ಮರಕ್ಕೆ 10 ಕಿಲೋ.

ಅಷ್ಟಕ್ಕೇ ಪುಸ್ತಕ ಮುಚ್ಚಿದರೆ ಎರಡು ತೋಟಗಳೂ ಒಂದೇ ಎಂದು ತಿಳಿಯುತ್ತೇವೆ. ಈಗ ಹಾಳೆಯ ಎಡಗಡೆ ಕಿಲೋಗಳನ್ನು ಸಾಲಾಗಿ ಬರೆದು, ಅಷ್ಟು ತೂಕ ಕೊಟ್ಟ ಒಂದೊಂದು ಮರಕ್ಕೆ ಒಂದೊಂದು ಚುಕ್ಕೆ ಇಡೋಣ.

ಮೊದಲನೆಯ ತೋಟ

3 ●
4 ●●●
5 ●●●
6 ●
7
8
9
10
11
12 ●●
13 ●●●●
14 ●●●
15 ●●
16 ●

ಎರಡನೆಯ ತೋಟ

8 ●●
9 ●●●●
10 ●●●●●●●●
11 ●●●●
12 ●●

ಇದಕ್ಕೆ ಚುಕ್ಕೆ ಚಿತ್ರ ಎನ್ನುತ್ತಾರೆ. ಎರಡನೆಯ ತೋಟದಲ್ಲಿ ಮರಗಳೆಲ್ಲ 10 ಕಿಲೋದ ಸುತ್ತಮುತ್ತಲೇ ಇವೆ. ಅಲ್ಲಿ ಸರಾಸರಿ ತೋಟವನ್ನು ಸರಿಯಾಗಿಯೇ ಬಣ್ಣಿಸುತ್ತದೆ. ಮೊದಲನೆಯದರಲ್ಲಿಯೋ, ಸರಾಸರಿ 10 ಕಿಲೋ ಎಂದೆವಲ್ಲ, 10 ಕಿಲೋ ಕೊಟ್ಟ ಮರ ಒಂದೇ ಒಂದೂ ಇಲ್ಲ! 7ರಿಂದ 11ರವರೆಗೆ ಹಾಳೆ ಖಾಲಿ. ಅಲ್ಲಿರುವುದು ಒಂದು ತೋಟವಲ್ಲ, ಒಂದೇ ಬೇಲಿಯೊಳಗಿನ ಎರಡು ತೋಟ. 12 ಮರಗಳು ಸರಾಸರಿ ಹದಿಮೂರೂವರೆ ಕಿಲೋಗೂ ಮೇಲೆ ಕೊಡುತ್ತಿವೆ. 8 ಮರಗಳು ನಾಲ್ಕೂವರೆ ಕಿಲೋದಲ್ಲಿ ನಿಂತಿವೆ.

ಈಗ ಮಾಡುವ ಕೆಲಸವೂ ಬೇರೆಯಾಗುತ್ತದೆ. ಎರಡನೆಯ ತೋಟದವರು ಮಣ್ಣು ಪರೀಕ್ಷೆ ಮಾಡಿಸಿ ಇಡೀ ತೋಟಕ್ಕೆ ಗೊಬ್ಬರದ ಕ್ರಮ ಬದಲಿಸುವುದು ಯೋಗ್ಯವಾದೀತು. ಮೊದಲನೆಯ ತೋಟದವರು ಅದನ್ನೇ ಮಾಡಿದರೆ, ಚೆನ್ನಾಗಿರುವ 12 ಮರಗಳಿಗೆ ಬೇಡದ ಖರ್ಚು, ಸೊರಗಿದ 8 ಮರಗಳಿಗೆ ಪ್ರಯೋಜನವಿಲ್ಲದ ಖರ್ಚು. ಅವರು ಮೊದಲು ಕೇಳಬೇಕಾದ ಪ್ರಶ್ನೆ "ಎಷ್ಟು ಗೊಬ್ಬರ?" ಎಂದಲ್ಲ, "ಆ 8 ಮರಗಳು ಎಲ್ಲಿವೆ?" ಎಂದು. ಮರದ ಸಂಖ್ಯೆಯನ್ನೂ ಜೊತೆಗೆ ಬರೆದಿಟ್ಟಿದ್ದರೆ ಉತ್ತರ ಒಡನೆಯೇ ಸಿಗುತ್ತದೆ. ಎಂಟೂ ತಗ್ಗಿನ ಕಡೆ ಒಟ್ಟಾಗಿದ್ದರೆ, ಮುಚ್ಚಿಹೋದ ಬಸಿಗಾಲುವೆಯನ್ನು ಮೊದಲು ನೋಡಬೇಕು. ಪಶ್ಚಿಮದ ಅಂಚಿನಲ್ಲಿದ್ದರೆ ಬಿಸಿಲಿನ ಹೊಡೆತವಿರಬಹುದು. ಅಲ್ಲಲ್ಲಿ ಚದುರಿದ್ದರೆ ಬೇರಿನ ರೋಗವೋ, ನೆಟ್ಟ ಸಸಿಯ ತಳಿಯೋ ಎಂದು ಯೋಚಿಸಬೇಕು. ಚಿತ್ರ ಕಾರಣವನ್ನು ಹೇಳುವುದಿಲ್ಲ. ಎಲ್ಲಿ ಹೋಗಿ ನೋಡಬೇಕೆಂದು ಬೆರಳು ತೋರಿಸುತ್ತದೆ. ಬಸಿಗಾಲುವೆ ಬಿಡಿಸುವ ಕೂಲಿಗೂ ಇಡೀ ತೋಟಕ್ಕೆ ಗೊಬ್ಬರ ಹಾಕುವ ವೆಚ್ಚಕ್ಕೂ ಇರುವ ಅಂತರವನ್ನು ಸದಸ್ಯರಿಗೆ ನಾವು ಹೇಳಬೇಕಾಗಿಲ್ಲ.

'ನಡು' ಎಂದರೆ ಯಾವುದು?

ಅಂಕಿಗಳ ರಾಶಿಗೆ ಒಂದೇ ನಡು ಇರುವುದಿಲ್ಲ. ಶಾಲೆಯಲ್ಲಿ ಮೂರನ್ನು ಕಲಿಸುತ್ತಾರೆ. ಎಲ್ಲವನ್ನೂ ಕೂಡಿಸಿ ಸಂಖ್ಯೆಯಿಂದ ಭಾಗಿಸಿದರೆ ಸರಾಸರಿ. ಚಿಕ್ಕದರಿಂದ ದೊಡ್ಡದಕ್ಕೆ ಸಾಲಾಗಿ ನಿಲ್ಲಿಸಿ ಸರಿಯಾಗಿ ನಡುವೆ ನಿಂತದ್ದನ್ನು ಆರಿಸಿದರೆ ಮಧ್ಯಾಂಕ. ಅಂಕಿಗಳು ಸಮಸಂಖ್ಯೆಯಲ್ಲಿದ್ದರೆ ನಡುವಿನ ಎರಡರ ಸರಾಸರಿ. ಎಲ್ಲಕ್ಕಿಂತ ಹೆಚ್ಚು ಸಲ ಬಂದ ಅಂಕಿ ಬಹುಲಕ. ನಮ್ಮ ಮೊದಲನೆಯ ತೋಟದಲ್ಲಿ ಸರಾಸರಿ 10, ಮಧ್ಯಾಂಕ 12.5, ಬಹುಲಕ 13. ಎರಡನೆಯದರಲ್ಲಿ ಮೂರೂ 10. ಮೂರು ನಡುಗಳೂ ಒಂದೇ ಕಡೆ ಕೂಡಿದರೆ ಸಾಮಾನ್ಯವಾಗಿ ಚಿಂತೆಯಿಲ್ಲ. ದೂರ ದೂರ ನಿಂತರೆ, ಚಿತ್ರ ಬಿಡಿಸಿ ನೋಡದೆ ಮುಂದೆ ಹೆಜ್ಜೆಯಿಡಬಾರದು.

ಕಾಫಿ ಬೆಳೆಗಾರರಿಗೆ ಇದರ ಅಗತ್ಯ ಇನ್ನೂ ಹೆಚ್ಚು. ನಮ್ಮ ಹಲವಾರು ಸದಸ್ಯರ ಮನೆಗಳಲ್ಲಿ ಹಿರಿಯರು ಬರೆದಿಟ್ಟ ಮಳೆ ಪುಸ್ತಕಗಳಿವೆ. ಇಂಚು ಮತ್ತು ಸೆಂಟುಗಳ ಲೆಕ್ಕ. 100 ಸೆಂಟು ಒಂದು ಇಂಚು. ರೊಬಸ್ಟಾ ಹೂವಿಗೆ ಸಕಾಲದಲ್ಲಿ ಸುಮಾರು ಒಂದು ಇಂಚಾದರೂ ಹೂಮಳೆ ಬೇಕೆಂಬುದು ತೋಟದಲ್ಲಿ ಎಲ್ಲರೂ ಬಲ್ಲ ಮಾತು. ಒಂದು ಪುಸ್ತಕದಲ್ಲಿ 15 ವರ್ಷಗಳ ಮಾರ್ಚ್ ತಿಂಗಳ ಮಳೆ ಹೀಗಿದೆ ಎಂದುಕೊಳ್ಳೋಣ. ಇದೂ ಉದಾಹರಣೆಗಾಗಿ ಇಟ್ಟುಕೊಂಡದ್ದೇ; ಚಿಕ್ಕದರಿಂದ ದೊಡ್ಡದಕ್ಕೆ ಜೋಡಿಸಿದೆ, ಸೆಂಟುಗಳಲ್ಲಿ:

0, 0, 10, 20, 30, 40, 50, 60, 80, 100, 110, 150, 200, 300, 800

ಒಟ್ಟು 1,950 ಸೆಂಟು. ಸರಾಸರಿ 130 ಸೆಂಟು, ಅಂದರೆ ಒಂದು ಇಂಚು 30 ಸೆಂಟು. ಇದನ್ನು ನೋಡಿದವರು "ಮಾರ್ಚಿನಲ್ಲಿ ನಮಗೆ ಸರಾಸರಿ ಒಂದು ಇಂಚಿನ ಮೇಲೆಯೇ ಮಳೆಯಾಗುತ್ತದೆ, ಸ್ಪ್ರಿಂಕ್ಲರ್ ಏಕೆ, ಕೆರೆಯ ಹೂಳು ತೆಗೆಸುವುದೇಕೆ?" ಎಂದು ನಿಶ್ಚಿಂತೆಯಿಂದ ಕೂರಬಹುದು. ಈಗ ಸಾಲಿನ ನಡುವಿನ ಎಂಟನೆಯ ಅಂಕಿಯನ್ನು ನೋಡಿ: 60 ಸೆಂಟು. ಎಣಿಸಿ ನೋಡಿದರೆ ಒಂದು ಇಂಚು ಮುಟ್ಟಿದ್ದು 15 ವರ್ಷಗಳಲ್ಲಿ 6 ವರ್ಷ ಮಾತ್ರ. 9 ವರ್ಷ ಮುಟ್ಟಲಿಲ್ಲ. 800 ಸೆಂಟು ಸುರಿದ ಒಂದೇ ವರ್ಷ ಉಳಿದೆಲ್ಲ ವರ್ಷಗಳ ಬರವನ್ನು ಸರಾಸರಿಯಲ್ಲಿ ಮುಚ್ಚಿಹಾಕಿದೆ. ಆ ವರ್ಷವನ್ನು ಬಿಟ್ಟು ಲೆಕ್ಕ ಹಾಕಿದರೆ ಸರಾಸರಿ 82 ಸೆಂಟಿಗೆ ಇಳಿಯುತ್ತದೆ. ಮಧ್ಯಾಂಕ 60ರಿಂದ 55ಕ್ಕೆ ಮಾತ್ರ ಸರಿಯುತ್ತದೆ. ಒಬ್ಬ ಅತಿರೇಕದವನ ಎಳೆತಕ್ಕೆ ಸರಾಸರಿ ಬಾಗುತ್ತದೆ, ಮಧ್ಯಾಂಕ ಅಷ್ಟಾಗಿ ಬಾಗುವುದಿಲ್ಲ. ಮಳೆ, ಜಮೀನಿನ ಹಿಡುವಳಿ, ಮನೆಯ ವರಮಾನ ಮುಂತಾದ, ಒಂದು ಕಡೆ ಉದ್ದ ಬಾಲವಿರುವ ಅಂಕಿಗಳಿಗೆ ಮಧ್ಯಾಂಕವನ್ನು ಕೇಳುವುದೇ ಕ್ಷೇಮ.

ಇಲ್ಲಿ ಇನ್ನೊಂದು ಎಚ್ಚರವೂ ಬೇಕು. ತಿಂಗಳ ಮಳೆ 100 ಸೆಂಟು ಎಂದರೆ ಒಂದೇ ದಿನ ಬಂದ ಹದಮಳೆಯೂ ಆಗಿರಬಹುದು, ಹತ್ತು ದಿನ ಹನಿಹನಿಯಾಗಿ ಬಿದ್ದು ಮೊಗ್ಗನ್ನು ಕೆಡಿಸಿದ್ದೂ ಆಗಿರಬಹುದು. ಆದುದರಿಂದ ದಿನದ ಲೆಕ್ಕವನ್ನೇ ಬರೆದಿಡಿ. ದಿನದ ಲೆಕ್ಕದಿಂದ ತಿಂಗಳಿನದನ್ನು ಯಾವಾಗ ಬೇಕಾದರೂ ಕೂಡಿಸಬಹುದು; ತಿಂಗಳಿನದರಿಂದ ದಿನದ್ದನ್ನು ಮರಳಿ ಪಡೆಯಲಾಗದು.

ಪೇಟೆ ಧಾರಣೆಯನ್ನು ಓದುವ ಬಗೆ

ಕೃಷಿ ಉತ್ಪನ್ನ ಮಾರುಕಟ್ಟೆಗಳ ದಿನದ ಧಾರಣೆಯಲ್ಲಿ ಕನಿಷ್ಠ, ಗರಿಷ್ಠ, ಮಾದರಿ ಎಂಬ ಮೂರು ಅಂಕಿಗಳಿರುವುದನ್ನು ಸದಸ್ಯರು ನೋಡಿದ್ದೀರಿ. ಈ 'ಮಾದರಿ' ಎಂಬುದು ಮೇಲೆ ಹೇಳಿದ ಬಹುಲಕದ ಅಣ್ಣತಮ್ಮ: ಆ ದಿನ ಹೆಚ್ಚಿನ ಮಾಲು ಯಾವ ದರದಲ್ಲಿ ಹೋಯಿತೋ ಆ ದರ. ಆದರೆ ನಮ್ಮ ಕಣ್ಣು ಮೊದಲು ಬೀಳುವುದು ಗರಿಷ್ಠದ ಮೇಲೆ. ಸಂಘಕ್ಕೆ ಬಂದು "ಪೇಪರಿನಲ್ಲಿ ಅಷ್ಟು ಬರೆದಿದೆ, ನನ್ನದಕ್ಕೆ ಇಷ್ಟೇ ಏಕೆ?" ಎಂದು ಕೇಳುವವರ ಬೇಸರ ನಮಗೂ ಅರ್ಥವಾಗುತ್ತದೆ.

ಒಂದು ದಿನ 9 ಲಾಟುಗಳು ಮಾರಾಟವಾದುವೆಂದು ಇಟ್ಟುಕೊಳ್ಳೋಣ. ಕ್ವಿಂಟಾಲಿನ ದರ, ಸಾವಿರ ರೂಪಾಯಿಗಳಲ್ಲಿ: 38, 40, 41, 41, 41, 42, 42, 43, 50. ಗರಿಷ್ಠ 50 ಸಾವಿರ. ಆದರೆ ಅದು ಒಂದೇ ಲಾಟು. ಸರಾಸರಿ 42 ಸಾವಿರ. ಮಧ್ಯಾಂಕವೂ ಬಹುಲಕವೂ 41 ಸಾವಿರ. ನಿಮ್ಮ ಅಡಿಕೆ 41 ಸಾವಿರಕ್ಕೆ ಹೋಗಿದ್ದರೆ ನೀವು ಪೇಟೆಯ ನಡುವಿನಲ್ಲಿಯೇ ಇದ್ದೀರಿ, ಮೋಸಹೋಗಿಲ್ಲ. 38ಕ್ಕೆ ಹೋಗಿದ್ದರೆ ಒಣಗಿಸಿದ್ದರಲ್ಲಿ, ಆರಿಸಿದ್ದರಲ್ಲಿ ಎಲ್ಲಿ ತಪ್ಪಿತೆಂದು ವಿಚಾರಿಸುವುದು ಅಗತ್ಯ. ಹೋಲಿಸುವಾಗ ರಾಶಿಯನ್ನು ರಾಶಿಯೊಡನೆ, ಬೆಟ್ಟೆಯನ್ನು ಬೆಟ್ಟೆಯೊಡನೆ, ಚಾಲಿಯನ್ನು ಚಾಲಿಯೊಡನೆ ಇಡಬೇಕೆಂಬುದನ್ನು ಬೇರೆಯಾಗಿ ಹೇಳಬೇಕಿಲ್ಲ. ಎಲ್ಲವನ್ನೂ ಒಂದೇ ಹಾಳೆಯಲ್ಲಿ ಬೆರೆಸಿದರೆ ನಮ್ಮ ಮೊದಲನೆಯ ತೋಟದ ಹಾಗೆ ಎರಡು ಮೂರು ಗುಂಪುಗಳು ಏಳುತ್ತವೆ, ಸರಾಸರಿ ಯಾರಿಗೂ ಸಲ್ಲದ ಅಂಕಿಯಾಗುತ್ತದೆ.

ತೂಕವನ್ನೂ ಮರೆಯಬಾರದು. ನೀವೇ 2 ಕ್ವಿಂಟಾಲನ್ನು 50 ಸಾವಿರಕ್ಕೂ 8 ಕ್ವಿಂಟಾಲನ್ನು 40 ಸಾವಿರಕ್ಕೂ ಮಾರಿದರೆ, ನಿಮಗೆ ಸಿಕ್ಕ ಸರಾಸರಿ ದರ 45 ಸಾವಿರವಲ್ಲ. ಬಂದ ಹಣ ಒಟ್ಟು 4 ಲಕ್ಷ 20 ಸಾವಿರ. ಅದನ್ನು 10 ಕ್ವಿಂಟಾಲಿಗೆ ಹಂಚಿದರೆ 42 ಸಾವಿರ. ದರಗಳನ್ನು ಕೂಡಿಸಿ ಎರಡರಿಂದ ಭಾಗಿಸುವುದು ಸಾಮಾನ್ಯವಾಗಿ ನಡೆಯುವ ತಪ್ಪು. ಬಂದ ಒಟ್ಟು ಹಣವನ್ನು ಒಟ್ಟು ತೂಕದಿಂದ ಭಾಗಿಸುವುದೇ ಸರಿಯಾದ ಕ್ರಮ.

ಹರವನ್ನು ಅಳೆಯುವುದು

ನಡು ತಿಳಿದ ಮೇಲೆ ಕೇಳಬೇಕಾದದ್ದು ಹರವು: ಅಂಕಿಗಳು ಎಷ್ಟು ದೂರ ಚದುರಿವೆ? ಗರಿಷ್ಠದಿಂದ ಕನಿಷ್ಠವನ್ನು ಕಳೆದರೆ ವ್ಯಾಪ್ತಿ ಸಿಗುತ್ತದೆ. ಮೊದಲ ತೋಟದಲ್ಲಿ 13 ಕಿಲೋ, ಎರಡನೆಯದರಲ್ಲಿ 4 ಕಿಲೋ. ಇದು ಸುಲಭ, ಆದರೆ ತುದಿಯ ಎರಡು ಮರಗಳನ್ನಷ್ಟೇ ನೋಡುತ್ತದೆ. ಕಾಲೇಜಿಗೆ ಹೋಗುವ ಮಕ್ಕಳು ಮಾನಕ ವಿಚಲನೆ ಎಂಬುದನ್ನು ಲೆಕ್ಕ ಹಾಕಿಕೊಟ್ಟಾರು. ಮೊದಲ ತೋಟಕ್ಕೆ ಅದು ಸುಮಾರು 4.6 ಕಿಲೋ, ಎರಡನೆಯದಕ್ಕೆ ಸುಮಾರು 1.1 ಕಿಲೋ. ಅಂಕಿ ದೊಡ್ಡದಾದಷ್ಟೂ ಚದುರುವಿಕೆ ಹೆಚ್ಚು.

ಇದಕ್ಕಿಂತ ಸರಳವಾದ ದಾರಿಯನ್ನು ಜನಪ್ರಿಯಗೊಳಿಸಿದವರು ಅಮೆರಿಕದ ಸಂಖ್ಯಾಶಾಸ್ತ್ರಜ್ಞ ಜಾನ್ ಟೂಕಿ. 1977ರಲ್ಲಿ ಪ್ರಕಟವಾದ ತಮ್ಮ ಪುಸ್ತಕದಲ್ಲಿ ಅವರು, ದೊಡ್ಡ ಸೂತ್ರಗಳಿಗೆ ಕೈಹಾಕುವ ಮೊದಲು ಕಾಗದ ಪೆನ್ಸಿಲಿನಲ್ಲಿ ಅಂಕಿಗಳನ್ನು ನೋಡುವ ಹಲವು ಬಗೆಗಳನ್ನು ವಿವರಿಸಿದರು. ಅವುಗಳಲ್ಲಿ ಒಂದು ಐದು ಅಂಕಿಗಳ ಸಾರಾಂಶ. ಅಂಕಿಗಳನ್ನು ಸಾಲಾಗಿ ನಿಲ್ಲಿಸಿ ಕನಿಷ್ಠ, ಕೆಳ ಅರ್ಧದ ಮಧ್ಯಾಂಕ, ಒಟ್ಟಾರೆ ಮಧ್ಯಾಂಕ, ಮೇಲಿನ ಅರ್ಧದ ಮಧ್ಯಾಂಕ, ಗರಿಷ್ಠ, ಇವಿಷ್ಟನ್ನು ಬರೆಯುವುದು. ನಮ್ಮ ತೋಟಗಳಿಗೆ ಅದು ಹೀಗೆ ಬರುತ್ತದೆ:

ಮೊದಲನೆಯ ತೋಟ: 3, 5, 12.5, 14, 16
ಎರಡನೆಯ ತೋಟ: 8, 9, 10, 11, 12

ಎರಡನೆಯ ಮತ್ತು ನಾಲ್ಕನೆಯ ಅಂಕಿಗಳ ನಡುವೆ ಒಂದು ಪೆಟ್ಟಿಗೆ ಬರೆದು, ಮಧ್ಯಾಂಕದಲ್ಲಿ ಒಂದು ಗೆರೆ ಎಳೆದು, ಎರಡು ತುದಿಗಳಿಗೆ ಬಾಲ ಹಚ್ಚಿದರೆ ಪೆಟ್ಟಿಗೆ ಚಿತ್ರವಾಗುತ್ತದೆ. ತೋಟದ ನಡುವಿನ ಅರ್ಧದಷ್ಟು ಮರಗಳು ಆ ಪೆಟ್ಟಿಗೆಯೊಳಗೆ ಬರುತ್ತವೆ. ಮೊದಲ ತೋಟದ ಪೆಟ್ಟಿಗೆಯ ಉದ್ದ 9 ಕಿಲೋ, ಎರಡನೆಯದರದು 2 ಕಿಲೋ. ಐದಾರು ವರ್ಷಗಳ ಪೆಟ್ಟಿಗೆಗಳನ್ನು ಪಕ್ಕಪಕ್ಕದಲ್ಲಿ ಬರೆದರೆ ತೋಟ ಮೇಲೇರುತ್ತಿದೆಯೋ ಇಳಿಯುತ್ತಿದೆಯೋ, ಮರಗಳು ಸಮನಾಗುತ್ತಿವೆಯೋ ಚದುರುತ್ತಿವೆಯೋ ಎಂಬುದು ಒಂದೇ ನೋಟಕ್ಕೆ ತಿಳಿಯುತ್ತದೆ.

ಆದರೆ ಪೆಟ್ಟಿಗೆಯನ್ನೂ ಕುರುಡಾಗಿ ನಂಬಬಾರದು. ಮೊದಲ ತೋಟದ ಪೆಟ್ಟಿಗೆ 5ರಿಂದ 14ರವರೆಗೆ ಹರಡಿರುವುದರಿಂದ 8, 9 ಕಿಲೋ ಕೊಡುವ ಮರಗಳೂ ಅಲ್ಲಿವೆಯೆಂಬ ಭ್ರಮೆ ಹುಟ್ಟುತ್ತದೆ. ಅಲ್ಲಿ ಖಾಲಿಯಿದೆ ಎಂದು ತೋರಿಸಿದ್ದು ಚುಕ್ಕೆ ಚಿತ್ರವೇ. 1973ರಲ್ಲಿ ಫ್ರಾನ್ಸಿಸ್ ಆನ್ಸ್ಕೋಂಬ್ ಎಂಬ ಸಂಖ್ಯಾಶಾಸ್ತ್ರಜ್ಞರು ಇಂತಹುದೇ ಪಾಠವನ್ನು ಚೆನ್ನಾಗಿ ಮಾಡಿ ತೋರಿಸಿದರು. ಒಂದೊಂದರಲ್ಲಿಯೂ 11 ಜೋಡಿ ಅಂಕಿಗಳಿರುವ ನಾಲ್ಕು ಪಟ್ಟಿಗಳನ್ನು ಅವರು ರಚಿಸಿದರು. ನಾಲ್ಕರಲ್ಲಿಯೂ ಒಂದು ಕಡೆಯ ಸರಾಸರಿ 9, ಇನ್ನೊಂದು ಕಡೆಯ ಸರಾಸರಿ 7.5, ಚದುರುವಿಕೆಯೂ ಬಹುತೇಕ ಒಂದೇ. ಚಿತ್ರ ಬಿಡಿಸಿದರೆ ನಾಲ್ಕೂ ಬೇರೆ ಬೇರೆ: ಒಂದು ನೇರವಾಗಿ ಏರುತ್ತದೆ, ಒಂದು ಬಿಲ್ಲಿನಂತೆ ಬಾಗುತ್ತದೆ, ಉಳಿದೆರಡರಲ್ಲಿ ಒಂದೇ ಒಂದು ಚುಕ್ಕೆ ಗುಂಪು ಬಿಟ್ಟು ದೂರ ನಿಂತು ಲೆಕ್ಕವನ್ನೆಲ್ಲ ತನ್ನ ಕಡೆಗೆ ಎಳೆಯುತ್ತದೆ.

ಮರಗಳು ಹೆಚ್ಚಿದ್ದರೆ

20 ಮರಕ್ಕೆ ಚುಕ್ಕೆ ಸಾಕು. 200, 300 ಮರಗಳಿದ್ದರೆ ತೂಕಗಳನ್ನು ವರ್ಗಗಳಾಗಿ ಮಾಡಿ, ಒಂದೊಂದು ವರ್ಗದಲ್ಲಿ ಎಷ್ಟು ಮರ ಬಂದುವೋ ಅಷ್ಟೆತ್ತರದ ಕಂಬ ಬರೆಯಬೇಕು. ಕಂಬಗಳ ನಡುವೆ ಜಾಗ ಬಿಡಬಾರದು. ಇದೇ ಹಿಸ್ಟೋಗ್ರಾಮ್ ಎಂಬ ಸ್ತಂಭಚಿತ್ರ. ಇಲ್ಲಿ ಜಾಣತನವಿರುವುದು ವರ್ಗದ ಅಗಲವನ್ನು ಆರಿಸುವುದರಲ್ಲಿ. ನಮ್ಮ ಮೊದಲ ತೋಟವನ್ನು 1ರಿಂದ 10, 11ರಿಂದ 20 ಎಂದು ಎರಡೇ ವರ್ಗ ಮಾಡಿದರೆ 8 ಮತ್ತು 12 ಎಂಬ ಎರಡು ಕಂಬಗಳು ಅಂಟಿಕೊಂಡು ನಿಲ್ಲುತ್ತವೆ; ನಡುವಿನ ಖಾಲಿ ಜಾಗ ಮಾಯವಾಗುತ್ತದೆ. ಅಗಲ ತೀರ ಕಿರಿದಾದರೆ ಚಿತ್ರ ಹಲ್ಲು ಬಿದ್ದ ಬಾಚಣಿಗೆಯಂತಾಗುತ್ತದೆ. ಎರಡು ಮೂರು ಅಗಲಗಳಲ್ಲಿ ಬರೆದು ನೋಡಿ, ಎಲ್ಲದರಲ್ಲಿಯೂ ಉಳಿಯುವ ಆಕಾರವನ್ನು ನಂಬುವುದು ಒಳ್ಳೆಯದು. ಈಗ ಮೊಬೈಲ್ ಫೋನೂ ಈ ಚಿತ್ರಗಳನ್ನು ಬಿಡಿಸಿಕೊಡುತ್ತದೆ. ಆದರೆ ಮರದ ತೂಕವನ್ನು ತೂಗಿ ಬರೆಯುವ ಕೆಲಸ ನಮ್ಮದೇ.

ಯಾವ ಮರಗಳನ್ನು ತೂಗಬೇಕು?

ಅನ್ನ ಬೆಂದಿದೆಯೇ ಎಂದು ತಿಳಿಯಲು ಒಂದು ಅಗುಳು ಹಿಚುಕಿದರೆ ಸಾಕು. ಪಾತ್ರೆಯ ಅಕ್ಕಿಯೆಲ್ಲ ಒಂದೇ ನೀರಿನಲ್ಲಿ ಒಂದೇ ಬೆಂಕಿಯ ಮೇಲೆ ಕುದಿದಿರುತ್ತದೆ. ತೋಟ ಅನ್ನದ ಪಾತ್ರೆಯಲ್ಲ. ಮನೆಯ ಹತ್ತಿರದ, ಕೊಟ್ಟಿಗೆ ಗೊಬ್ಬರ ಕಂಡ ಹತ್ತು ಮರಗಳನ್ನು ತೂಗಿ ಇಡೀ ತೋಟದ ಲೆಕ್ಕವೆಂದರೆ ನಮ್ಮನ್ನು ನಾವೇ ವಂಚಿಸಿಕೊಂಡಂತೆ. 1931ರಲ್ಲಿ ಕಲ್ಕತ್ತೆಯಲ್ಲಿ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯನ್ನು ಕಟ್ಟಿದ ಪ್ರಶಾಂತಚಂದ್ರ ಮಹಲನೋಬಿಸರು ಬಂಗಾಳದ ಸೆಣಬಿನ ಬೆಳೆಯನ್ನು ಅಂದಾಜು ಮಾಡಲು ಹಿಡಿದ ದಾರಿಯ ತಿರುಳು ಇದೇ: ಎಲ್ಲ ಹೊಲಗಳನ್ನೂ ಅಳೆಯಬೇಕಾಗಿಲ್ಲ, ಆದರೆ ಅಳೆಯುವ ಹೊಲಗಳನ್ನು ಆರಿಸುವುದರಲ್ಲಿ ನಮ್ಮ ಇಷ್ಟಾನಿಷ್ಟ ನುಸುಳಬಾರದು.

ಸಣ್ಣ ಬೆಳೆಗಾರರು ಹೀಗೆ ಮಾಡಬಹುದು. ತೋಟವನ್ನು ಮೇಲು, ನಡು, ತಗ್ಗು ಎಂದು ವಿಂಗಡಿಸಿಕೊಳ್ಳಿ. ಒಂದೊಂದರಲ್ಲಿಯೂ ಸಾಲು ಹಿಡಿದು, ಇಷ್ಟನೆಯ ಮರ ಎಂದು ಮೊದಲೇ ನಿಶ್ಚಯಿಸಿ, ಆ ಮರ ಚೆನ್ನಾಗಿರಲಿ ಸೊರಗಿರಲಿ ಅದಕ್ಕೇ ಬಣ್ಣದ ಗುರುತು ಹಾಕಿ. ಕೊಯ್ಲಿನ ದಿನ ಆ ಮರಗಳ ಗೊನೆಗಳನ್ನು ಬೇರೆಯಾಗಿಟ್ಟು ತೂಗಿ, ಮರದ ಸಂಖ್ಯೆಯೊಡನೆ ಬರೆಯಿರಿ. ಕಾಫಿಯಲ್ಲಿಯೂ ಗುರುತು ಹಾಕಿದ ಗಿಡಗಳ ಹಣ್ಣನ್ನು ಬೇರೆಯಾಗಿ ತೂಗುವುದು ಸಾಧ್ಯ. ತೂಗಿದ್ದನ್ನು ತೂಗಿದಂತೆಯೇ ಬರೆಯಬೇಕು. ಉಳಿದವುಗಳಿಗಿಂತ ತೀರ ಬೇರೆಯಾದ ಅಂಕಿ ಕಂಡರೆ ಅದನ್ನು ಹೊಡೆದುಹಾಕುವ ಮೊದಲು ಮರದ ಬುಡಕ್ಕೆ ಹೋಗಿ ನೋಡಿ. ಅದು ಬರವಣಿಗೆಯ ತಪ್ಪಿರಬಹುದು. ರೋಗದ ಮೊದಲ ಸುದ್ದಿಯೂ ಇರಬಹುದು.

ಹಿಡುವಳಿ ಚಿಕ್ಕದಾದಷ್ಟೂ ಈ ಲೆಕ್ಕದ ಬೆಲೆ ಹೆಚ್ಚು ಎಂದು ನಾವು ತಿಳಿದಿದ್ದೇವೆ. ನೂರು ಎಕರೆಯವರಿಗೆ 8 ಮರಗಳ ನಷ್ಟ ಕಣ್ಣಿಗೆ ಬೀಳದೆ ಹೋದೀತು. ಎರಡು ಎಕರೆಯ ಸಂಸಾರಕ್ಕೆ ಅದೇ ಮಕ್ಕಳ ಶಾಲೆಯ ಶುಲ್ಕ, ಸಂಘದ ಸಾಲದ ಒಂದು ಕಂತು. ಬರುವ ಕೊಯ್ಲಿನಲ್ಲಿ 20 ಮರಗಳಿಗೆ ಗುರುತು ಹಾಕಿ, ತೂಗಿ, ಚುಕ್ಕೆ ಇಟ್ಟು ನೋಡಬೇಕಾಗಿ ಸದಸ್ಯ ಬಾಂಧವರಲ್ಲಿ ವಿನಂತಿ. ಮನೆಯಲ್ಲಿ ಹೈಸ್ಕೂಲಿಗೆ ಹೋಗುವ ಮಗನೋ ಮಗಳೋ ಇದ್ದರೆ ಹಾಳೆಯನ್ನು ಅವರ ಕೈಗೇ ಕೊಡಿ. ಅವರ ಪಾಠವೂ ಆಗುತ್ತದೆ, ತೋಟದ ಪರಿಚಯವೂ ಆಗುತ್ತದೆ. ಚಿತ್ರದಲ್ಲಿ ನಡುವೆ ಖಾಲಿ ಜಾಗ ಕಂಡರೆ ಗೊಬ್ಬರದ ಚೀಟಿ ಬರೆಸುವ ಮೊದಲು ಆ ಹಾಳೆಯನ್ನು ಹಿಡಿದು ಸಂಘಕ್ಕೆ ಬನ್ನಿ. ಜಗಲಿಯ ಮೇಲೆ ಕುಳಿತು ಎಲ್ಲರೂ ಸೇರಿ ನೋಡೋಣ.